ಅಳೆಯಬೇಕಾದದ್ದು ಕಣ್ಣನ್ನೋ, ಕೆಲಸವನ್ನೋ?

ಪೈಲಟ್ ಆಗುವ ಕನಸು ಹೊತ್ತ ಯುವಕನೊಬ್ಬ ವೈದ್ಯರ ಮುಂದೆ ಕುಳಿತಿದ್ದಾನೆಂದು ಭಾವಿಸಿ. ಮೇಜಿನ ಮೇಲೆ ಬಣ್ಣದ ಚುಕ್ಕೆಗಳ ಪುಸ್ತಕವಿದೆ. ಜಪಾನಿನ ವೈದ್ಯ ಇಶಿಹಾರ 1917ರಲ್ಲಿ ರೂಪಿಸಿದ ಪರೀಕ್ಷೆ ಅದು. ಚುಕ್ಕೆಗಳ ನಡುವಿನ ಅಂಕಿ ಅವನಿಗೆ ಕಾಣಿಸದು. ದೇಹ ಗಟ್ಟಿಯಾಗಿದೆ, ಬುದ್ಧಿ ಚುರುಕಾಗಿದೆ. ಆದರೂ ಬಾಗಿಲು ಮುಚ್ಚುತ್ತದೆ. ಹುಟ್ಟಿನಿಂದ ಬಂದ ಕೊರತೆಗಾಗಿ ಒಬ್ಬನನ್ನು ಹೊರಗಿಡುವುದು ನ್ಯಾಯವೇ?

ದೃಷ್ಟಿ ಮಂದವಾಗಿದ್ದರೆ ನಿಯಮ ಉದಾರವಾಗಿದೆ. ವೃತ್ತಿಪರ ಪೈಲಟ್‌ನ ಪ್ರತಿ ಕಣ್ಣಿಗೂ 6/9, ಎರಡೂ ಕಣ್ಣಿಗೆ ಸೇರಿ 6/6 ದೃಷ್ಟಿ ಇರಬೇಕೆಂಬುದು ಅಂತಾರಾಷ್ಟ್ರೀಯ ಮಟ್ಟ. ಅದು ಕನ್ನಡಕದ ನೆರವಿನಿಂದ ಬಂದರೂ ಸಾಕು. ಇನ್ನೊಂದು ಕನ್ನಡಕ ಜೊತೆಗಿರಬೇಕು, ಅಷ್ಟೆ. ಆದರೆ ವರ್ಣಾಂಧತೆಯನ್ನು ನೀಗುವ ಕನ್ನಡಕವಿಲ್ಲ.

ಇನ್ನು ಬಣ್ಣಕ್ಕೇಕೆ ಇಷ್ಟು ಮಹತ್ವ? ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಎತ್ತರದಲ್ಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿಳಿದಿದೆ ಎಂದರ್ಥ. 2002ರ ಜುಲೈ 26ರ ನಸುಕಿನಲ್ಲಿ ಅಮೆರಿಕದ ಟ್ಯಾಲಹಾಸಿಯಲ್ಲಿ ಇಳಿಯುತ್ತಿದ್ದ ಫೆಡೆಕ್ಸ್ ಸರಕು ವಿಮಾನ ರನ್‌ವೇ ಮುಟ್ಟುವ ಮುನ್ನವೇ ಮರಗಳಿಗೆ ಬಡಿದು ನೆಲಕ್ಕಪ್ಪಳಿಸಿತು. ಮೂವರು ಸಿಬ್ಬಂದಿ ಗಾಯಗೊಂಡು ಬದುಕುಳಿದರು. ತನಿಖಾಧಿಕಾರಿಗಳು ಗುರುತಿಸಿದ ಕಾರಣಗಳಲ್ಲಿ ಪೈಲಟ್‌ಗಳ ಆಯಾಸ ಮತ್ತು ನಿಯಮಪಾಲನೆಯ ಲೋಪಗಳ ಜೊತೆಗೆ ಸಹ ಪೈಲಟ್‌ನ ವರ್ಣದೃಷ್ಟಿಯ ದೋಷವೂ ಇತ್ತು. ಅವರಿಗೆ ವಿಶೇಷ ವಿನಾಯಿತಿ ನೀಡಲಾಗಿತ್ತು.

ಇದನ್ನು ಓದಿದವರು, ಹಾಗಾದರೆ ಎಲ್ಲರನ್ನೂ ಹೊರಗಿಡಿ ಎಂದಾರು. ಆದರೆ 1989ರಲ್ಲಿ ಆಸ್ಟ್ರೇಲಿಯದ ನ್ಯಾಯಮಂಡಳಿಯೊಂದು ಡೆನಿಸನ್ ಎಂಬ ಪೈಲಟ್‌ನ ಪ್ರಕರಣದಲ್ಲಿ ತಜ್ಞರ ವಾದಗಳನ್ನು ಆಲಿಸಿ, ಇಂಥ ದೋಷವಿದ್ದವರ ಪರವಾಗಿ ತೀರ್ಪಿತ್ತಿತು. 2009ರಲ್ಲಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಪ್ರಕಟಿಸಿದ ಅಧ್ಯಯನವು ದೋಷದ ಪ್ರಮಾಣವನ್ನೇ ಅಳೆಯಿತು. ದೋಷವಿದ್ದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಆ ದೀಪಗಳನ್ನು ಇತರರಷ್ಟೇ ಚೆನ್ನಾಗಿ ಗುರುತಿಸಬಲ್ಲರೆಂದು ಅದು ತೋರಿಸಿತು. ಅಂದರೆ ಚುಕ್ಕೆಗಳ ಪುಸ್ತಕವೊಂದನ್ನೇ ನೆಚ್ಚಿಕೊಂಡರೆ, ಹಾರಬಲ್ಲ ಅದೆಷ್ಟೋ ಮಂದಿಯನ್ನು ನಾವು ವೃಥಾ ನೆಲಕ್ಕೆ ಕಟ್ಟಿಹಾಕಿದಂತಾಗುತ್ತದೆ.

ವಿಮಾನದ ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ತಾಯಿಗೆ ಪೈಲಟ್ ಯಾರೆಂದು ಗೊತ್ತಿಲ್ಲ. ಆಕೆ ನಂಬಿ ಏರಿದ್ದಾಳೆ. ಆ ನಂಬಿಕೆಯ ಮುಂದೆ ಯುವಕನ ಕನಸು ಚಿಕ್ಕದು. ಕನಿಕರದಿಂದ ಕೊಡುವ ಪರವಾನಗಿ ಆಕೆಗೆ ಬಗೆಯುವ ದ್ರೋಹ. ಆದರೆ ಆಕೆಯ ಹೆಸರಿನಲ್ಲಿ ಅನಗತ್ಯವಾಗಿ ಒಬ್ಬನನ್ನು ತಿರಸ್ಕರಿಸುವುದೂ ಅನ್ಯಾಯವೇ. ಹೊರಗಿಡುವವರ ಮೇಲೆ ಕಾರಣವನ್ನು ಸಾಬೀತುಪಡಿಸುವ ಹೊಣೆಯಿದೆ. ಕೆಲಸಕ್ಕೆ ಬೇಕಾದುದನ್ನು ಅಳೆಯಿರಿ, ಅದನ್ನು ನಿಷ್ಠುರವಾಗಿ ಅಳೆಯಿರಿ. ಅದೂ ಹೆತ್ತವರು ಸಾಲ ಮಾಡಿ ತರಬೇತಿಯ ಶುಲ್ಕ ಕಟ್ಟುವ ಮೊದಲೇ ಆಗಬೇಕು.

ಅಂಥ ಪರೀಕ್ಷೆಯಲ್ಲಿ ಸೋತವನಿಗೆ ನೋವಾಗಬಹುದು. ಆದರೆ ತನಗೆ ಅನ್ಯಾಯವಾಯಿತೆಂದು ಅವನು ಹೇಳಲಾರ.