ಬೆಳಗಿನವರೆಗೆ ಸಾಲುವಷ್ಟು

ಮುಂಗಾರಿಗೆ ಮೊದಲಿನ ಮಳೆ ಕೊರಟಗೆರೆಗೆ ಬರುವುದು ಹೆಚ್ಚಾಗಿ ಸಂಜೆಯ ಮೇಲೆ. ಸಿದ್ಧರಬೆಟ್ಟದ ನೆತ್ತಿಯಲ್ಲಿ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ಎಲ್ಲೋ ಒಂದು ಹುಣಸೆ ಕೊಂಬೆ ತಂತಿಯ ಮೇಲೆ ಮುರಿದು ಬೀಳುತ್ತದೆ. ಕರೆಂಟ್ ಹೋಗುತ್ತದೆ. ಮಳೆ ಅರ್ಧ ಗಂಟೆಗೆ ನಿಂತರೂ ಕರೆಂಟ್ ಕೆಲವೊಮ್ಮೆ ಬೆಳಗಾದ ಮೇಲೆಯೇ ಬರುವುದು. ಕತ್ತಲಲ್ಲಿ, ಒದ್ದೆ ಕಂಬ ಹತ್ತುವವರ ಕಷ್ಟ ಬಲ್ಲ ಊರಿನವರು ಅದಕ್ಕೆ ಹೆಚ್ಚು ಗೊಣಗುವುದಿಲ್ಲ. ಆದರೆ ಉಸಿರಿಗೆ ಯಂತ್ರದ ಆಸರೆ ಬೇಕಾದ ಮನೆಯಲ್ಲಿ ಅಂಥ ರಾತ್ರಿ ದೀರ್ಘ.

ನನ್ನದು ಅಂಥ ಮನೆ. ನಿದ್ರೆಯಲ್ಲಿ ಉಸಿರು ಕಟ್ಟುವ ನನ್ನ ತೊಂದರೆಯನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ, ಗಾಳಿಯ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರಿಲ್ಲ. ಆಮೇಲೆ ದೇಹವೇ ಬೆಚ್ಚಿ ಉಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಗಂಟೆಗೆ ಹೀಗೆ 30 ಸಲ ದಾಟಿದರೆ ತೀವ್ರವೆಂದು ಲೆಕ್ಕ. ಇಷ್ಟೆಲ್ಲ ನಡೆದರೂ ಮಲಗಿದವನಿಗೆ ಏನೂ ತಿಳಿಯದು. ಪಕ್ಕದಲ್ಲಿ ಎಚ್ಚರವಾಗಿರುವವರಿಗೆ ಮಾತ್ರ ತಿಳಿಯುತ್ತದೆ. ನನ್ನ ಕಾಯಿಲೆಯನ್ನು ಮೊದಲು ಕಂಡದ್ದು ವೈದ್ಯರಲ್ಲ, ನನ್ನ ಮನೆಯಾಕೆ. ಎಷ್ಟೋ ವರ್ಷ ಆಕೆ ನನ್ನ ನಿಂತ ಉಸಿರಿಗೆ ಕಿವಿಗೊಟ್ಟು, ಅದು ಮತ್ತೆ ಬಂದ ಮೇಲೆ ಮಗ್ಗುಲು ಬದಲಿಸಿದ್ದಳು. ನಾನು ಬೆಳಿಗ್ಗೆ ಎದ್ದು, ಚೆನ್ನಾಗಿ ನಿದ್ದೆ ಬಂತು ಎನ್ನುತ್ತಿದ್ದೆ.

ನಮ್ಮ ಯೋಗಶಾಸ್ತ್ರ ಮನುಷ್ಯನ ಒಂದು ದಿನದ ಉಸಿರನ್ನು 21,600 ಎಂದು ಎಣಿಸಿದೆ. ನಿಮಿಷಕ್ಕೆ 15ರ ಲೆಕ್ಕ. ಪ್ರತಿ ಉಸಿರೂ ‘ಹಂಸ’ ಎಂಬ ಮಂತ್ರವಂತೆ. ಯಾರೂ ಜಪಿಸದೆ ತಾನೇ ನಡೆಯುವ ಜಪವಾದ್ದರಿಂದ ಅದಕ್ಕೆ ಅಜಪಾ ಎಂದು ಹೆಸರು. ಎಷ್ಟು ಕೋಮಲವಾದ ಹೆಸರು! ನಾವು ಮಾಡದೆ ನಡೆಯುವುದನ್ನು ನಾವು ಬೇಗ ಮರೆಯುತ್ತೇವೆ. ಮರೆತದ್ದನ್ನು ನಮ್ಮ ಸ್ವಂತದ್ದೆಂದು ಭಾವಿಸುತ್ತೇವೆ. ಅದು ದುರಹಂಕಾರವಲ್ಲ, ಮನುಷ್ಯ ಸಹಜವಾದ ಒಂದು ಮರೆವು, ಅಷ್ಟೆ.

1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುಗುಮುರುಗು ಮಾಡಿ, ಎಳೆಯುವ ಗಾಳಿಯನ್ನು ಊದುವ ಗಾಳಿಯಾಗಿಸಿ, ನನ್ನಂಥ ರೋಗಿಯೊಬ್ಬರ ಮೂಗಿಗೆ ಜೋಡಿಸಿದರು. ಸಿಪ್ಯಾಪ್ ಯಂತ್ರ ಹುಟ್ಟಿದ್ದು ಹಾಗೆ. ಅದು ನಮಗಾಗಿ ಉಸಿರಾಡುವುದಿಲ್ಲ. ಸಣ್ಣ ಒತ್ತಡದ ಗಾಳಿಯಿಂದ ಗಂಟಲಿನ ದಾರಿ ಮುಚ್ಚದಂತೆ ಕಾಯುತ್ತದೆ. ಉಸಿರಾಡುವ ಕೆಲಸ ನಮ್ಮದೇ. ಕಾಯುವ ಕೆಲಸ ಮಾತ್ರ ಅದರದು.

ಆ ಕಾವಲುಗಾರನಿಗೂ ಅನ್ನ ಬೇಕು. ನಡುಮನೆಯ ಮೂಲೆಯಲ್ಲಿ ಇನ್ವರ್ಟರ್ ಇದೆ, ಅದರ ಕೆಳಗೆ 12 ವೋಲ್ಟ್, 150 ಎಎಚ್‌ನ ಬ್ಯಾಟರಿ. ಹೊಸದಿದ್ದಾಗ ಅದರಲ್ಲಿ 1,800 ವಾಟ್-ಗಂಟೆಯ ವಿದ್ಯುತ್ತು ಎಂದು ಲೆಕ್ಕ. ಆದರೆ ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ವರ್ಷಗಳು ಕಳೆದಂತೆ ಅದು ಹಿಡಿದಿಡುವುದೂ ಕಡಿಮೆಯಾಗುತ್ತದೆ. ಅಲ್ಲಿಂದ 230 ವೋಲ್ಟಿಗೆ ಏರಿ, ಯಂತ್ರದ ಅಡಾಪ್ಟರಿನಲ್ಲಿ ಮತ್ತೆ ಇಳಿಯುವ ದಾರಿಯಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಉಸಿರಿಗೆ ಗಾಳಿ ಊದಲು ಯಂತ್ರ ಬೇಡುವುದು ಸುಮಾರು 30 ವಾಟ್. ಆ ಗಾಳಿಯನ್ನು ತೇವ ಮಾಡಿ ಬೆಚ್ಚಗಾಗಿಸುವ ನೀರಿನ ತಟ್ಟೆಯ ಶಾಖ ಸೇರಿದರೆ ಖರ್ಚು ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ತಲೆಯ ಮೇಲಿನ ಹಳೆಯ ಫ್ಯಾನ್ ಒಂದಕ್ಕೇ 70 ವಾಟ್ ಬೇಕು. ಈ ಅಂಕಿಗಳನ್ನು ಮೊದಲ ಸಲ ಒಂದರ ಪಕ್ಕ ಒಂದು ಬರೆದಾಗ ನಾನು ಬಹಳ ಹೊತ್ತು ಅವನ್ನೇ ನೋಡುತ್ತಾ ಕುಳಿತಿದ್ದೆ. ಪ್ರಾಣಕ್ಕೆ ಬೇಕಾದದ್ದು ಎಷ್ಟು ಅಲ್ಪ! ಅದರ ಸುತ್ತ ನೆರೆದ ಹಿತಕ್ಕೆ ಎಷ್ಟು ಬೇಕು! ತಂತಿಯಲ್ಲಿ ವಿದ್ಯುತ್ತು ಹರಿಯುವವರೆಗೆ ಈ ಅಂತರ ನಮಗೆ ಕಾಣುವುದೇ ಇಲ್ಲ. ಇರುವುದು ಇಷ್ಟೇ ಎಂದಾದಾಗ ಅಗತ್ಯವೂ ಅಪೇಕ್ಷೆಯೂ ತಾವಾಗಿ ಬೇರೆ ಬೇರೆ ನಿಲ್ಲುತ್ತವೆ.

ನಮ್ಮ ಜಿಲ್ಲೆಯದೇ ಆದ ಪಾವಗಡದಲ್ಲಿ, ಮಳೆ ಕೈಕೊಟ್ಟ ಸುಮಾರು 13,000 ಎಕರೆ ನೆಲದಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಫಲಕಗಳು ಹಗಲೆಲ್ಲ ಬಿಸಿಲು ಕುಡಿಯುತ್ತವೆ. ಸಂಜೆಯಾದರೆ ಅವೂ ಮೌನ. ಹಗಲಿನದನ್ನು ಇರುಳಿಗೆ ಉಳಿಸಿಕೊಳ್ಳುವುದು ದೊಡ್ಡವರಿಗೂ ಕಷ್ಟದ ಮಾತೇ.

ಹೋದ ಬೇಸಿಗೆಯ ಒಂದು ರಾತ್ರಿ ನನಗೆ ಎಚ್ಚರವಾಯಿತು. ಮಳೆ ನಿಂತಿತ್ತು, ಸೂರಿನ ಹನಿ ಮಾತ್ರ ಕೇಳುತ್ತಿತ್ತು. ಕರೆಂಟ್ ಇರಲಿಲ್ಲ. ಯಂತ್ರ ತನ್ನ ಸಣ್ಣ ಸದ್ದಿನಲ್ಲಿ ಊದುತ್ತಲೇ ಇತ್ತು. ಆದರೆ ಫ್ಯಾನ್ ತಿರುಗುತ್ತಿರಲಿಲ್ಲ. ಇನ್ವರ್ಟರ್ ಇರುವಾಗ ಅದೇಕೆ ನಿಂತಿತು ಎಂದು ಯೋಚಿಸುತ್ತಿರುವಾಗ, ಮಾಸ್ಕಿನೊಳಗೆ ಬರುವ ಗಾಳಿ ಬೆಚ್ಚಗಿಲ್ಲವೆಂದು ತಿಳಿಯಿತು. ಶಾಖದ ಗುಂಡಿಯನ್ನು ಯಾರೋ ಆರಿಸಿದ್ದರು. ಕಿಟಕಿಯ ಬಳಿ, ಗೋಡೆಗೆ ಒರಗಿ, ಮನೆಯಾಕೆ ಕುಳಿತಿದ್ದಳು. ಕೈಯಲ್ಲಿ ಅಡುಗೆಮನೆಯ ಬೀಸಣಿಗೆ. ಮಳೆಯ ಮೇಲಿನ ಆ ಧಗೆಯಲ್ಲಿ ತನ್ನ ಮುಖಕ್ಕೆ ಎರಡು ಸಲ ಬೀಸಿಕೊಂಡು, ನಿಲ್ಲಿಸಿ, ಯಂತ್ರದ ಸದ್ದು ಕೇಳಿ, ಮತ್ತೆ ಬೀಸಿಕೊಳ್ಳುತ್ತಿದ್ದಳು. ಬ್ಯಾಟರಿ ಕೂರಿಸಿದ ಹುಡುಗ ಅಂದು ಹೋಗುವಾಗ, “ಅಮ್ಮಾ, ಬಿಸಿ ಆರಿಸಿ, ಫ್ಯಾನು ಆಫ್ ಮಾಡಿದ್ರೆ ಬೆಳಗಾಗೋ ತನಕ ಬರುತ್ತೆ” ಎಂದದ್ದು ನನಗೆ ಆಗ ನೆನಪಾಯಿತು. ನಾನು ಕೇಳಿ ಮರೆತಿದ್ದೆ. ಎಷ್ಟು ರಾತ್ರಿ ಹೀಗೆ ನಡೆದಿತ್ತೋ.

ಮಾಸ್ಕ್ ತೆಗೆದು ಮಾತಾಡಿಸಬೇಕೆನಿಸಿತು. ತೆಗೆದಿದ್ದರೆ ಆಕೆಯ ಜಾಗರಣೆ ವ್ಯರ್ಥವಾಗುತ್ತಿತ್ತು. ಅದಕ್ಕೇ ಕಣ್ಣು ಮುಚ್ಚಿ ಮಲಗಿದೆ. ಒಳಕ್ಕೆ ಎಳೆದ ಒಂದೊಂದು ಉಸಿರೂ ಅಂದು ಯಾರೋ ಕೈಯಾರೆ ಎತ್ತಿ ಕೊಟ್ಟ ಹಾಗಿತ್ತು. ನಾವೆಲ್ಲ ಹೀಗೆಯೇ ಅಲ್ಲವೇ? ಎಳವೆಯಲ್ಲಿ ಜ್ವರ ಬಂದ ರಾತ್ರಿ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸಿದವರಾರು, ಮಳೆ ಸೋರಿದಾಗ ಹಾಸಿಗೆ ಸರಿಸಿದವರಾರು, ನಾವು ಕಂಡಿಲ್ಲ. ಕಾಣಬಾರದೆಂದೇ ಅವರು ಸದ್ದಿಲ್ಲದೆ ನಡೆದರು. ನಮ್ಮ ನಿದ್ರೆಯ ಒಳಗೆ ಎಷ್ಟು ಜನರ ಎಚ್ಚರ ಸೇರಿದೆಯೋ ಅದರ ಎಣಿಕೆ ಯಾವ ಶಾಸ್ತ್ರದಲ್ಲೂ ಇಲ್ಲ.

ಬೆಳಿಗ್ಗೆ ಕರೆಂಟ್ ಬಂದಿತ್ತು. ಆಕೆ ಕಾಫಿ ತಂದಿಟ್ಟಳು.

“ರಾತ್ರಿ ಕರೆಂಟ್ ಹೋಗಿತ್ತಾ?” ಎಂದು ಕೇಳಿದೆ.

“ಹೋಗಿತ್ತೇನೋ, ನಂಗೂ ಒಳ್ಳೆ ನಿದ್ದೆ ಕಣ್ರೀ, ಗೊತ್ತಾಗ್ಲಿಲ್ಲ” ಎಂದಳು.

ಬೀಸಣಿಗೆ ಅಡುಗೆಮನೆಯ ಬಾಗಿಲ ಹಿಂದೆ, ತನ್ನ ಮೊಳೆಗೆ ಮರಳಿ ತೂಗಿಕೊಂಡಿತ್ತು.