ನೀರಿಳಿದ ಕೆರೆಯ ದಂಡೆಯಲ್ಲಿ

ಮೇ ತಿಂಗಳ ಒಂದು ದಿನ ಅಣ್ಣನ ಮಕ್ಕಳನ್ನು ಕಟ್ಟಿಕೊಂಡು ಶಿರಸಿಯಿಂದ ಸೋಂದೆಗೆ ಹೋಗಿದ್ದೆ. ಸ್ವಾದಿ ಅರಸರು ಆಳಿದ ಊರು. ವಾದಿರಾಜ ಮಠ, ಸ್ವರ್ಣವಲ್ಲಿ, ಜೈನ ಮಠ, ಮೂರೂ ಅಲ್ಲೇ ಆಸುಪಾಸಿನಲ್ಲಿ. ಮೂರೂ ಕಡೆ ಕೈಮುಗಿದು, ಬುತ್ತಿ ಬಿಚ್ಚಿದ್ದು ಮುಂಡಿಗೆಕೆರೆಯ ದಂಡೆಯ ಮೇಲೆ.

ಮಳೆಗಾಲದಲ್ಲಿ ಇಲ್ಲಿನ ಮುಂಡಿಗೆ ಗಿಡಗಳ ಹಿಂಡಿಲುಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಆ ದಿನ ಒಂದೂ ಇರಲಿಲ್ಲ. ನೀರು ಅಂಚು ಬಿಟ್ಟು ಒಳಸರಿದಿತ್ತು. ಮಕ್ಕಳ ಮುಖ ಸಪ್ಪಗಾಯಿತು.

ಅವರನ್ನು ಕೂರಿಸಿಕೊಳ್ಳಲೆಂದು ‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಕತೆ ಹೇಳಿದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ್ದು, ಹನಿ ನೀರು ಬಾರದ್ದು, ಕಿರಿಸೊಸೆ ಭಾಗೀರಥಿಯನ್ನೇ ಬಲಿ ಕೊಡುವುದೆಂದಾದದ್ದು, ಮರೆತ ಬಂಗಾರದ ಬಟ್ಟಲು ತರಲು ಅವಳೊಬ್ಬಳನ್ನೇ ಕಳಿಸಿದ್ದು, ಒಂದೊಂದು ಮೆಟ್ಟಿಲಿಗೂ ನೀರೇರಿದ್ದು. ಚಿಕ್ಕವಳಿದ್ದಾಗ ಇದನ್ನು ಕೇಳಿ ನಾನು ಅತ್ತಿದ್ದೆ. ಎಂಟು ವರ್ಷದ ಕಿರಿಯವಳು ಅಳಲಿಲ್ಲ. “ಅತ್ತೆ, ಅಷ್ಟು ಜನ ಇದ್ರಲ್ಲ, ಎಲ್ಲರೂ ಸೇರಿ ಇನ್ನೂ ಸ್ವಲ್ಪ ಅಗೀಬೋದಿತ್ತಲ್ಲ?” ಅಂದಳು.

ಉತ್ತರ ಹೊಳೆಯಲಿಲ್ಲ. ಚಿಕ್ಕಮ್ಮ ನೆನಪಾದಳು. ಅಜ್ಜಿ ಹಾಸಿಗೆ ಹಿಡಿದ ನಾಲ್ಕು ವರ್ಷವೂ ಆರೈಕೆ ಅವಳೊಬ್ಬಳ ಪಾಲಿಗೆ ಬಿತ್ತು. ನೆಂಟರಿಷ್ಟರೆದುರು ನಾವೆಲ್ಲ ಅವಳನ್ನು ಪುಣ್ಯವಂತೆ ಎಂದು ಹೊಗಳಿದ್ದೇ ಹೊಗಳಿದ್ದು. ಒಂದು ರಾತ್ರಿ ಅವಳ ಬದಲು ಎದ್ದು ಕೂತವರಿಲ್ಲ. ನಾನೂ ಕೂರಲಿಲ್ಲ. ಹತ್ತು ಕೈಗಳ ಕೆಲಸವನ್ನು ಒಂದು ಜೀವದ ಮೇಲೆ ಹೇರಿ, ಆಮೇಲೆ ಅದಕ್ಕೆ ತ್ಯಾಗವೆಂದು ಹೆಸರಿಟ್ಟು ಕೈ ತೊಳೆದುಕೊಳ್ಳುತ್ತೇವೆ. ಹೊಗಳಿಕೆ ನಮಗೆ ಅಗ್ಗ. ಭಾಗೀರಥಿಯ ಮನೆಯವರಿಗೂ ಹಾಗೇ ಇದ್ದಿರಬೇಕು.

ಕಿರಿಯವಳು ಹೇಳಿದ ಅಗೆತ ಇಂದಿಗೂ ಬಾಕಿಯೇ ಇದೆ. ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ. ಕೆರೆಗಳಲ್ಲಿ ಹೂಳು ತುಂಬಿದೆ, ಬಿದ್ದ ನೀರು ನಿಲ್ಲಲು ಜಾಗವಿಲ್ಲ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯವರು ಹಲವು ಕೆರೆಗಳ ಹೂಳೆತ್ತಿಸಿದ್ದಾರೆ. ಆ ಕೆಲಸಕ್ಕೆ ಬೇಸಿಗೆಯೇ ಆಗಬೇಕು, ನೀರು ಇಳಿದಾಗಲೇ ಹೂಳು ಕೈಗೆ ಸಿಗುವುದು. ನಾವಾದರೋ ತುಂಬಿದ ಕೆರೆಯನ್ನು ನೋಡಲು ಹೋಗುವವರು. ಬೆಳ್ಳಕ್ಕಿ ಇಲ್ಲವೆಂದು ಪೆಚ್ಚಾದ ಮಕ್ಕಳನ್ನು ಬಯ್ಯುವುದು ಹೇಗೆ? ಚಿಕ್ಕಮ್ಮನ ಮನೆಗೆ ನಾನು ಹೋಗುವುದೂ ಹಬ್ಬಕ್ಕೆ, ಅವಳು ಕಾಯಿಗಡುಬು ಮಾಡಿಟ್ಟ ದಿನ.

ಬರುವಾಗ ದಾರಿ ತಿರುಗಿಸಿ ಅಲ್ಲಿಗೇ ಹೋದೆವು. ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಮಡಚಲಾಗದು. ನಮ್ಮನ್ನು ಕಂಡದ್ದೇ ಒಲೆಯ ಕಡೆ ಹೊರಟಳು. ನಾನು ಹಂಡೆ ನೋಡಿ ಬಾವಿಕಟ್ಟೆಗೆ ನಡೆದೆ. “ನೀ ಎಂತಕ್ಕೆ ಸೇದ್ತೆ ತಂಗಿ, ಬಿಡು” ಎಂದು ಅಡುಗೆಮನೆಯಿಂದಲೇ ಕೂಗಿದಳು. ಹಗ್ಗ ಇಳಿದಷ್ಟೂ ಇಳಿಯಿತು, ಕೊಡ ನೀರು ಮುಟ್ಟಿದ ಸದ್ದು ತಡವಾಗಿ ಕೇಳಿಸಿತು. ಎಳೆಯಲು ತೊಡಗಿದಾಗ ಕಿರಿಯವಳು ಬಂದು ಹಿಂದಿನಿಂದ ಹಗ್ಗಕ್ಕೆ ಕೈ ಹಾಕಿದಳು.