ಅಳಿಸಿದ್ದು ಅಳಿಯಿತೇ?

ಕಂಪ್ಯೂಟರಿನಲ್ಲಿ ಫೈಲೊಂದನ್ನು ಅಳಿಸಿ, ಅದರ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೆ ಎಲ್ಲವೂ ಮುಗಿಯಿತೆಂದು ನಾವು ನಿರಾಳರಾಗುತ್ತೇವೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಆಗ ಅಳಿಯುವುದು ಫೈಲಲ್ಲ, ಅದರ ವಿಳಾಸ ಮಾತ್ರ. ಗ್ರಂಥಾಲಯದ ಸೂಚಿಯಿಂದ ಚೀಟಿಯೊಂದನ್ನು ಕಿತ್ತು ಹಾಕಿದಂತೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಅದನ್ನು ಮರಳಿ ಪಡೆಯಬಹುದು. ಅಮೆರಿಕದ ಎಂ.ಐ.ಟಿ.ಯ ಇಬ್ಬರು ಸಂಶೋಧಕರು ಬಳಸಿ ಮಾರಿದ್ದ 158 ಡಿಸ್ಕ್‌ಗಳನ್ನು ಖರೀದಿಸಿ ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು ಅವುಗಳಲ್ಲಿ ಸಿಕ್ಕಿದ್ದವು.

ಇಂದಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ಹೀಗೆ ಹೆಕ್ಕಿ ತೆಗೆಯುವುದು ಕಷ್ಟ. ಆದರೆ ಪ್ರತಿಗಳ ಗತಿಯೇನು? ಒಬ್ಬರಿಗೆ ಕಳುಹಿಸಿದ ಚಿತ್ರ ಸಂಜೆಯೊಳಗೆ ನೂರು ಕೈಗಳಲ್ಲಿರುತ್ತದೆ. ಕಳುಹಿಸಿದವನು ಅಳಿಸಿದರೂ ಪಡೆದವರು ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಈ ಪ್ರಶ್ನೆ ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರಿಗೆ ಸಂಬಂಧಿಸಿದ್ದು.

ಜನರು ಇಟ್ಟುಕೊಂಡದ್ದನ್ನು ಅಳಿಸುವುದು ಸುಲಭವಲ್ಲವೆಂಬುದು ಹಳೆಯ ಸತ್ಯ. ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಾಗ, ಧ್ವಜ ಹಾರಿಸದಂತೆ ಸರಕಾರ ನಿಷೇಧಾಜ್ಞೆ ಹೊರಡಿಸಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಆಜ್ಞೆ ಮುರಿದು ಬಂಧಿತರಾದರು. ಇಂದು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಜನರ ನೆನಪಿನ ಈ ಶಕ್ತಿ ದೊಡ್ಡದು. ಆದರೆ ಅವರು ಜತನದಿಂದ ಇಟ್ಟುಕೊಂಡದ್ದು ಒಬ್ಬ ಹೆಣ್ಣುಮಗಳ ಮಾನ ಕಳೆಯುವ ಸಂಗತಿಯಾಗಿದ್ದರೆ?

ಇಂಥ ಆತಂಕದಿಂದಲೇ ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿನ ಮೊರೆ ಹೋಗಿದ್ದರು. ಮಗಳ ಹಳೆಯ ಮೊಕದ್ದಮೆಯ ಆದೇಶ ಅಂತರ್ಜಾಲದಲ್ಲಿ ಅವಳ ಹೆಸರು ಹುಡುಕಿದವರಿಗೆಲ್ಲ ಕಾಣಿಸಿ, ಅವಳ ಬಾಳಿಗೆ ತೊಡಕಾಗಬಹುದೆಂಬುದು ಅವರ ಅಳಲು. 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ‘ಮರೆತುಹೋಗುವ ಹಕ್ಕ’ನ್ನು ಉಲ್ಲೇಖಿಸಿ, ಹುಡುಕಾಟದಲ್ಲಿ ಆ ಹೆಸರು ಬಾರದಂತೆ ನೋಡಿಕೊಳ್ಳಲು ಆದೇಶಿಸಿದರು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದೇ ಇರುತ್ತದೆಂದೂ ಹೇಳಿದರು. ದಾಖಲೆ ಸುಳ್ಳಾಗಲಿಲ್ಲ, ವ್ಯಕ್ತಿಯ ಮಾನವೂ ಬೀದಿಗೆ ಬೀಳಲಿಲ್ಲ.

ಈ ಎರಡೂ ಕಾಳಜಿಗಳು ಇಸ್ಲಾಮಿನಲ್ಲಿವೆ. ಮನುಷ್ಯನ ಪ್ರತಿ ಮಾತನ್ನೂ ದೇವಚರರು ದಾಖಲಿಸುತ್ತಾರೆಂಬುದು ವಿಶ್ವಾಸಿಯ ನಂಬಿಕೆ. ಹಾಗೆಂದ ಮೇಲೆ ವಂಚನೆಯ ಲೆಕ್ಕಪತ್ರವನ್ನು ಅಳಿಸಿದವನು ಪಾರಾಗಲಿಲ್ಲ, ಪುರಾವೆಯನ್ನು ಮಾತ್ರ ಅಡಗಿಸಿದ. ಅವನ ತೌಬಾ ಪೂರ್ಣವಾಗಬೇಕಾದರೆ ಕಸಿದುಕೊಂಡ ಹಕ್ಕನ್ನು ಹಕ್ಕುದಾರನಿಗೆ ಮರಳಿಸಬೇಕು. ಅದೇ ವೇಳೆ, ಇನ್ನೊಬ್ಬರ ಲೋಪವನ್ನು ಮುಚ್ಚುವವನ ಲೋಪವನ್ನು ಅಲ್ಲಾಹನು ಮುಚ್ಚುವನೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಪಶ್ಚಾತ್ತಾಪ ಪಟ್ಟವನನ್ನು ದೇವನೇ ಕ್ಷಮಿಸುತ್ತಾನೆ ಎಂದಾದರೆ, ಅವನ ಹಳೆಯ ಚಿತ್ರವನ್ನು ಫೋನಿನಲ್ಲಿ ಕಾಪಾಡಿಡಲು ನಾವು ಯಾರು?

ಮಾಹಿತಿ ಅಳಿಸುವಂತೆ ಕೋರುವ ಹಕ್ಕನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಒಳಗೊಂಡಿದೆ. ಆದರೆ ನಮ್ಮ ಜೇಬಿನೊಳಗೆ ಕಾನೂನು ಇಣುಕದು. ಅಲ್ಲಿರುವ ಪ್ರತಿಯ ಹೊಣೆ ನಮ್ಮದೇ. ಅನ್ಯಾಯಕ್ಕೊಳಗಾದವರ ಪುರಾವೆಯಾಗಿದ್ದರೆ ಅದನ್ನು ಜೋಪಾನವಾಗಿಟ್ಟು ನ್ಯಾಯದ ಮುಂದೆ ಇಡೋಣ. ಯಾರದೋ ಅವಮಾನವಾಗಿದ್ದರೆ ಇಂದೇ ಅಳಿಸೋಣ, ನಾಲಗೆಯಿಂದಲೂ ಅಳಿಸೋಣ. ನೂರು ಕೈಗಳಲ್ಲಿ ಒಂದಾದರೂ ಖಾಲಿಯಾಗಲಿ.